ಸಿದ್ಧ ಪ್ರಬಂಧಗಳನ್ನು ಹಂಚಿಕೊಳ್ಳುವ ಮತ್ತು ಕಲಿಯುವ ಕ್ರಮ: ಕೊಡಗಿನ ಹತ್ತನೆಯ ತರಗತಿಯವರಿಗೆ

ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತ ಬಂದು ರೋಬಸ್ಟಾ ಹಣ್ಣಾಗುವ ಹೊತ್ತಿಗೆ, ಅಂದರೆ ಜನವರಿಯ ಆಸುಪಾಸಿನಲ್ಲಿ, ಹತ್ತನೆಯ ತರಗತಿಯ ಮಕ್ಕಳ ನಡುವೆ ಸಿದ್ಧ ಪ್ರಬಂಧಗಳ ಓಡಾಟ ಆರಂಭವಾಗುತ್ತದೆ. ಹಿಂದಿನ ವರ್ಷ ಪಾಸಾದ ಅಕ್ಕನ ನೋಟ್ಸು, ಗೈಡಿನಿಂದ ಜೆರಾಕ್ಸ್ ಮಾಡಿಸಿದ ಹಾಳೆಗಳು, ಟ್ಯೂಷನ್ನಿನಲ್ಲಿ ಬರೆಸಿದ ಹತ್ತು ಪ್ರಬಂಧಗಳು, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಪಿಡಿಎಫ್, ಹೀಗೆ ನಾನಾ ರೂಪದಲ್ಲಿ ಅವು ಕೈಯಿಂದ ಕೈಗೆ ದಾಟುತ್ತವೆ. ಇವುಗಳನ್ನು ಮುಟ್ಟಲೇಬಾರದೆಂದು ಹೇಳುವುದು ಸುಲಭ, ಆದರೆ ಆ ಮಾತನ್ನು ಯಾರೂ ಪಾಲಿಸುವುದಿಲ್ಲ. ಪಾಲಿಸಬೇಕಾದ ಅಗತ್ಯವೂ ಇಲ್ಲ. ಬೇರೊಬ್ಬರು ಬರೆದ ಪ್ರಬಂಧವನ್ನು ಪರೀಕ್ಷೆಗೆ ಮೊದಲು ಓದುವುದಾಗಲಿ, ಗೆಳೆಯರೊಂದಿಗೆ ಹಂಚಿಕೊಳ್ಳುವುದಾಗಲಿ ತಪ್ಪಲ್ಲ. ಹಂಚಿಕೊಂಡದ್ದನ್ನು ಯಾವ ರೂಪದಲ್ಲಿ ತಲೆಯಲ್ಲಿ ಇಟ್ಟುಕೊಳ್ಳಬೇಕು ಎಂಬುದರ ಮೇಲೆ ಅದರ ಉಪಯೋಗ ನಿಂತಿದೆ.

ಮೊದಲು ಅಂಕಗಳ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿದ್ದು, ಅವುಗಳಲ್ಲಿ 100 ಲಿಖಿತ ಪರೀಕ್ಷೆಗೆ ಹಾಗೂ 25 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿವೆ. ಕನ್ನಡವನ್ನು ದ್ವಿತೀಯ ಅಥವಾ ತೃತೀಯ ಭಾಷೆಯಾಗಿ ಓದುವವರಿಗೆ ಲಿಖಿತ ಪರೀಕ್ಷೆ 80 ಅಂಕಗಳದ್ದು. ಪ್ರಥಮ ಭಾಷೆಯ ಆ ನೂರರಲ್ಲಿ ಪ್ರಬಂಧದ ಪಾಲು ನಾಲ್ಕೈದು ಅಂಕ ಮಾತ್ರ. ಇಷ್ಟು ಅಂಕಕ್ಕಾಗಿ ಹದಿನೈದು ಪ್ರಬಂಧಗಳನ್ನು ಪದಶಃ ಉರು ಹೊಡೆಯಲು ಫೆಬ್ರವರಿ ತಿಂಗಳ ಸಂಜೆಗಳನ್ನೆಲ್ಲ ಕಳೆಯುವುದು ಲಾಭದ ಕೆಲಸವಲ್ಲ. ಅದೇ ಸಮಯದಲ್ಲಿ ವ್ಯಾಕರಣ ಮತ್ತು ಪಾಠಗಳ ಪ್ರಶ್ನೆಗಳನ್ನು ಗಟ್ಟಿಮಾಡಿಕೊಂಡರೆ ಹೆಚ್ಚಿನ ಅಂಕ ಬರುತ್ತದೆ.

ಇಲ್ಲಿ ಇನ್ನೊಂದು ಗೊಂದಲವಿದೆ. ಕನ್ನಡ ಪತ್ರಿಕೆಯಲ್ಲಿ ಪದ್ಯಭಾಗವನ್ನು ಪೂರ್ಣಗೊಳಿಸಿ ಬರೆಯುವ ಪ್ರಶ್ನೆಯೂ ಇರುತ್ತದೆ. ಅದು ನೇರವಾಗಿ ಕಂಠಪಾಠದ ಪರೀಕ್ಷೆ. ಅಲ್ಲಿ ಕವಿಯ ಒಂದು ಪದ ಬದಲಾದರೂ ಉತ್ತರ ಕೆಡುತ್ತದೆ. ಪ್ರಬಂಧದ ಪ್ರಶ್ನೆ ಅಂಥದ್ದಲ್ಲ. ಕೊಟ್ಟ ವಿಷಯವನ್ನು ಕ್ರಮವಾಗಿ, ಶುದ್ಧವಾದ ಕನ್ನಡದಲ್ಲಿ ವಿವರಿಸಲು ಬರುತ್ತದೆಯೇ ಎಂಬುದನ್ನು ಅದು ನೋಡುತ್ತದೆ. ಆದರೂ ಬಹಳ ಮಕ್ಕಳು ಎರಡನ್ನೂ ಒಂದೇ ರೀತಿಯಲ್ಲಿ, ಕಣ್ಣುಮುಚ್ಚಿ ಹಿಂದೆ ಮುಂದೆ ತೂಗಾಡುತ್ತ, ಬಾಯಿಪಾಠ ಮಾಡುತ್ತಾರೆ. ಪದ್ಯವನ್ನು ಹಾಗೆಯೇ ಕಲಿಯಲಿ. ಪ್ರಬಂಧಕ್ಕೆ ಬೇರೆ ಕ್ರಮ ಬೇಕು.

ಪದಶಃ ಕಲಿತ ಪ್ರಬಂಧ ಕೈಕೊಡುವ ಬಗೆ

ಮೊದಲನೆಯ ತೊಂದರೆ ಶೀರ್ಷಿಕೆಯದು. ವಿದ್ಯಾರ್ಥಿ ‘ಪರಿಸರ ಮಾಲಿನ್ಯ’ ಎಂಬ ಪ್ರಬಂಧವನ್ನು ಕಲಿತಿರುತ್ತಾನೆ. ಪ್ರಶ್ನೆಪತ್ರಿಕೆಯಲ್ಲಿ ‘ಪರಿಸರ ಸಂರಕ್ಷಣೆಯಲ್ಲಿ ವಿದ್ಯಾರ್ಥಿಗಳ ಪಾತ್ರ’ ಎಂದಿರುತ್ತದೆ. ಪರಿಸರ ಎಂಬ ಪದ ಕಂಡ ಕೂಡಲೇ ಅವನು ಕಲಿತದ್ದನ್ನು ಬರೆಯತೊಡಗುತ್ತಾನೆ. ವಾಯುಮಾಲಿನ್ಯ, ಜಲಮಾಲಿನ್ಯ, ಶಬ್ದಮಾಲಿನ್ಯ ಎಂದು ಒಂದು ಪುಟ ತುಂಬಿದ ಮೇಲೂ ವಿದ್ಯಾರ್ಥಿಗಳ ಪಾತ್ರದ ಕುರಿತು ಒಂದು ವಾಕ್ಯವೂ ಬಂದಿರುವುದಿಲ್ಲ. ಮೌಲ್ಯಮಾಪಕರು ಎಷ್ಟೇ ಉದಾರಿಗಳಾಗಿದ್ದರೂ ಕೇಳದ ಪ್ರಶ್ನೆಗೆ ಪೂರ್ತಿ ಅಂಕ ಕೊಡುವುದು ಅವರಿಗೆ ಕಷ್ಟ.

ಎರಡನೆಯದು ಮರೆವು. ಪದಶಃ ಕಲಿತದ್ದರಲ್ಲಿ ಒಂದು ವಾಕ್ಯ ಮತ್ತೊಂದನ್ನು ಹಿಡಿದುಕೊಂಡಿರುತ್ತದೆ. ನಡುವೆ ಒಂದು ತಪ್ಪಿದರೆ ಮುಂದಿನದೆಲ್ಲ ನಿಂತುಹೋಗುತ್ತದೆ, ಮೂರು ಗಂಟೆಯ ಪರೀಕ್ಷೆಯಲ್ಲಿ ಹತ್ತು ನಿಮಿಷ ಆ ಒಂದು ವಾಕ್ಯವನ್ನು ನೆನಪಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಮೂರನೆಯದು ತಪ್ಪುಗಳ ಹರಡುವಿಕೆ. ಮೂಲ ಹಾಳೆಯಲ್ಲಿ ‘ಅಭಿವೃದ್ಧಿ’ ಎಂಬುದು ‘ಅಬಿವೃದ್ದಿ’ ಆಗಿದ್ದರೆ ಇಡೀ ತರಗತಿ ಅದನ್ನೇ ಕಲಿಯುತ್ತದೆ. ಅಂಕಿಅಂಶಗಳ ಕತೆಯೂ ಇದೇ. ಭಾರತದ ಜನಸಂಖ್ಯೆ 121 ಕೋಟಿ ಎಂದು ಇಂದಿಗೂ ಬರೆಯುವ ಪ್ರಬಂಧಗಳು ಓಡಾಡುತ್ತಿವೆ. ಅದು 2011ರ ಜನಗಣತಿಯ ಸಂಖ್ಯೆ ಎಂಬುದನ್ನು ಯಾರೂ ಪಕ್ಕದಲ್ಲಿ ಗುರುತು ಹಾಕಿರುವುದಿಲ್ಲ. ಒಂದೇ ಬಗೆಯ ಪೀಠಿಕೆ ಸಾಲಾಗಿ ಮೂವತ್ತು ಉತ್ತರ ಪತ್ರಿಕೆಗಳಲ್ಲಿ ಬಂದರೆ ಓದುವವರ ಮನಸ್ಸು ಹೇಗಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಊಹಿಸಿಕೊಳ್ಳಬಹುದು.

ಹಂಚಿಕೊಳ್ಳಬೇಕಾದದ್ದು ಸಾಮಗ್ರಿ

ನಾಲ್ಕೈದು ಮಂದಿ ಗೆಳೆಯರು ಸೇರಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಫೋನಿನಲ್ಲಿ ಇಟ್ಟುಕೊಳ್ಳಬಾರದೆಂದಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಒಂದು ತಿರುವು ದಾಟಿದರೆ ಸಿಗ್ನಲ್ ಇಲ್ಲದ ಊರುಗಳು ಬಹಳ, ಗಾಳಿಮಳೆಗೆ ಕರೆಂಟ್ ಹೋದರೆ ಎರಡು ದಿನ ಬಾರದಿರುವುದೂ ಉಂಟು. ಕಾಗದವೇ ವಾಸಿ. ಇದನ್ನು ಆರಂಭಿಸಲು ಜನವರಿಯವರೆಗೆ ಕಾಯಬೇಡಿ. ಜೂನ್, ಜುಲೈ ತಿಂಗಳ ಮಳೆರಜೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಡಿಸೆಂಬರ್ ಬಂದರೆ ಕಾಫಿ ಕೊಯ್ಲಿನ ಮನೆಗಳಲ್ಲಿ ಮಕ್ಕಳಿಗೂ ಕಣದ ಕೆಲಸ ಇರುತ್ತದೆ, ಓದಿಗೆ ಸಿಗುವ ಸಮಯ ಕಡಿಮೆಯಾಗುತ್ತದೆ.

ಆ ನೋಟ್‌ಬುಕ್ಕಿನಲ್ಲಿ ಪೂರ್ಣ ಪ್ರಬಂಧಗಳನ್ನು ಬರೆಯಬಾರದು. ಯಾರಾದರೂ ಸಿದ್ಧ ಪ್ರಬಂಧ ತಂದರೆ ಎಲ್ಲರೂ ಸೇರಿ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ, ಅದರಲ್ಲಿರುವ ನಿಜವಾದ ಸಂಗತಿಗಳನ್ನು ಮಾತ್ರ ಹೆಕ್ಕಿ ಬರೆದುಕೊಳ್ಳಬೇಕು. ಈ ಕೆಲಸ ಮಾಡಿದಾಗ ಒಂದು ವಿಷಯ ಗೊತ್ತಾಗುತ್ತದೆ: ಒಂದೂವರೆ ಪುಟದ ಪ್ರಬಂಧದಲ್ಲಿ ಸಂಗತಿ ಎನ್ನಬಹುದಾದದ್ದು ನಾಲ್ಕೈದು ಸಾಲು ಮಾತ್ರ, ಉಳಿದದ್ದು ಅಲಂಕಾರ. ಹೆಕ್ಕಿದ ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಯಾವ ವರ್ಷದ್ದು ಎಂದು ಬರೆದು, ಅನುಮಾನ ಬಂದುದನ್ನು ಕನ್ನಡ ಅಥವಾ ಸಮಾಜ ವಿಜ್ಞಾನದ ಶಿಕ್ಷಕರಿಗೆ ತೋರಿಸಿ ತಿದ್ದಿಸಿಕೊಳ್ಳಬೇಕು.

ಸಂಗತಿಗಳನ್ನು ಶೀರ್ಷಿಕೆಗಳ ಕೆಳಗೆ ಇಡುವುದಕ್ಕಿಂತ ದೊಡ್ಡ ಗುಂಪುಗಳಾಗಿ ಇಡುವುದು ಲೇಸು. ಪರೀಕ್ಷೆಯಲ್ಲಿ ಮರಳಿ ಮರಳಿ ಕಾಣುವ ಶೀರ್ಷಿಕೆಗಳು ಬಹಳವಾಗಿ ಕಂಡರೂ, ಅವುಗಳ ಹಿಂದಿನ ಸಾಮಗ್ರಿಯನ್ನು ಮೂರು ನಾಲ್ಕು ಗುಂಪುಗಳಲ್ಲಿ ಅಡಕ ಮಾಡಬಹುದು. ನೆಲ, ಜಲ, ಕಾಡುಗಳದ್ದು ಒಂದು ಗುಂಪು. ಪುಸ್ತಕ, ಗ್ರಂಥಾಲಯ, ಪತ್ರಿಕೆ, ಮೊಬೈಲ್, ಅಂತರ್ಜಾಲಗಳದ್ದು ಇನ್ನೊಂದು. ರಾಷ್ಟ್ರೀಯ ಹಬ್ಬ, ಮತದಾನ, ದೇಶಸೇವೆ, ಸ್ವಚ್ಛತೆ ಮುಂತಾದ ಪೌರಜೀವನದ ವಿಷಯಗಳು ಮತ್ತೊಂದು. ಆರೋಗ್ಯ, ಕ್ರೀಡೆ, ಯೋಗ ಮಗದೊಂದು.

ಮೊದಲ ಗುಂಪನ್ನು ತುಸು ವಿವರವಾಗಿ ನೋಡೋಣ, ಏಕೆಂದರೆ ಕೊಡಗಿನ ವಿದ್ಯಾರ್ಥಿಗೆ ಇದರಲ್ಲಿ ಬೇರೆ ಯಾವ ಗೈಡೂ ಕೊಡಲಾರದಷ್ಟು ಸಾಮಗ್ರಿ ಮನೆಯಂಗಳದಲ್ಲೇ ಇದೆ. ಕಾವೇರಿ ನದಿ ತಲಕಾವೇರಿಯಲ್ಲಿ ಹುಟ್ಟಿ ಸುಮಾರು 800 ಕಿ.ಮೀ. ಹರಿದು ತಮಿಳುನಾಡಿನಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಪಶ್ಚಿಮ ಘಟ್ಟಗಳು 2012ರಲ್ಲಿ ಯುನೆಸ್ಕೊದ ವಿಶ್ವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿದವು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಜೀವಿಧಾಮಗಳು ಅದರಲ್ಲಿವೆ. ಕಡಿಯಬಾರದೆಂಬ ನಂಬಿಕೆಯಿಂದ ಊರಿನವರೇ ಉಳಿಸಿಕೊಂಡು ಬಂದ ದೇವರಕಾಡುಗಳು ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ಇವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಭಾಗಗಳಲ್ಲಿ ಗುಡ್ಡಗಳು ಕುಸಿದು ಊರುಗಳೇ ಖಾಲಿಯಾದವು; 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಶೇ. 70ರಷ್ಟು ಕರ್ನಾಟಕದ್ದು, ಅದರಲ್ಲಿ ಕೊಡಗಿನ ಪಾಲು ದೊಡ್ಡದು. ಇವುಗಳಿಗೆ ಹೊರಗಿನ ಎರಡು ಮೂರು ಸಂಗತಿಗಳನ್ನು ಸೇರಿಸಿಕೊಳ್ಳಿ: ಜೂನ್ 5 ವಿಶ್ವ ಪರಿಸರ ದಿನ, ಒಮ್ಮೆ ಬಳಸಿ ಎಸೆಯುವ ಕೆಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಯಿತು.

ಇನ್ನು ಇದೇ ಸಾಮಗ್ರಿಯನ್ನು ಬೇರೆ ಬೇರೆ ಶೀರ್ಷಿಕೆಗಳಿಗೆ ತಿರುಗಿಸುವ ಅಭ್ಯಾಸ ಮಾಡಬೇಕು. ‘ನೈಸರ್ಗಿಕ ವಿಕೋಪಗಳು’ ಎಂದು ಕೇಳಿದರೆ ಪೀಠಿಕೆ ಹೀಗಿರಬಹುದು: “ಮಳೆಗಾಲವೆಂದರೆ ಕೊಡಗಿನಲ್ಲಿ ಗದ್ದೆ ನಾಟಿಯ ಕಾಲ; 2018ರ ಬಳಿಕ ಅದು ಗುಡ್ಡದ ಕಡೆ ಕಣ್ಣಿಟ್ಟು ರಾತ್ರಿ ಕಳೆಯುವ ಕಾಲವೂ ಆಗಿದೆ.” ವಿದ್ಯಾರ್ಥಿಗಳ ಪಾತ್ರವನ್ನು ಕೇಳಿದರೆ ಗುಡ್ಡವನ್ನು ಪಕ್ಕಕ್ಕಿಟ್ಟು, “ಶಾಲೆಯ ಅಂಗಳದಲ್ಲಿ ಬಿದ್ದ ತಿಂಡಿ ಪೊಟ್ಟಣವನ್ನು ಎಸೆದವರೂ ವಿದ್ಯಾರ್ಥಿಗಳೇ, ಎತ್ತಬೇಕಾದವರೂ ವಿದ್ಯಾರ್ಥಿಗಳೇ” ಎಂದು ಆರಂಭಿಸಬಹುದು. ‘ನೀರಿನ ಮಹತ್ವ’ ಎಂದಿದ್ದರೆ, ಕಾವೇರಿ ಹುಟ್ಟುವ ಜಿಲ್ಲೆಯಲ್ಲೂ ಏಪ್ರಿಲ್‌ನಲ್ಲಿ ಬಾವಿಗಳು ತಳ ಕಾಣುವ ಸಂಗತಿಯಿಂದ ತೊಡಗಬಹುದು. ದೇವರಕಾಡು ಮೂರರಲ್ಲೂ ಬರುತ್ತದೆ, ಆದರೆ ಮೊದಲನೆಯದರಲ್ಲಿ ಮಣ್ಣನ್ನು ಹಿಡಿದಿಡುವ ಬೇರುಗಳ ಮಾತಾಗಿ, ಎರಡನೆಯದರಲ್ಲಿ ಹಿರಿಯರಿಂದ ಕಲಿಯಬೇಕಾದ ಪಾಠವಾಗಿ, ಮೂರನೆಯದರಲ್ಲಿ ನೀರನ್ನು ಇಂಗಿಸುವ ನೆಲವಾಗಿ ಬರುತ್ತದೆ. ಒಂದೇ ಗುಂಪಿನಿಂದ ಐದು ಶೀರ್ಷಿಕೆಗಳಿಗೆ ಐದು ಪೀಠಿಕೆಗಳನ್ನು ಬರೆದು ನೋಡುವುದು ಐದು ಪ್ರಬಂಧಗಳನ್ನು ಉರು ಹೊಡೆಯುವುದಕ್ಕಿಂತ ಕಡಿಮೆ ಸಮಯ ತೆಗೆದುಕೊಳ್ಳುತ್ತದೆ.

ಪೌರಜೀವನದ ಗುಂಪಿಗೂ ಇಲ್ಲಿ ಕೊರತೆಯಿಲ್ಲ. ಕೊಡಗಿನವರಾದ ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ಆ ದಿನವನ್ನು ಸೇನಾ ದಿನವಾಗಿ ಆಚರಿಸಲಾಗುತ್ತದೆ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ಸಂವಿಧಾನದ 61ನೆಯ ತಿದ್ದುಪಡಿ. ಜನವರಿ 25 ರಾಷ್ಟ್ರೀಯ ಮತದಾರರ ದಿನ. ಸ್ವಚ್ಛ ಭಾರತ ಅಭಿಯಾನ ಆರಂಭವಾದದ್ದು 2014ರ ಅಕ್ಟೋಬರ್ 2ರಂದು. ಉಳಿದ ಗುಂಪುಗಳನ್ನು ವಿದ್ಯಾರ್ಥಿಗಳೇ ತುಂಬಿಸಿಕೊಳ್ಳಬಲ್ಲರು. ಕ್ರೀಡೆಯ ಗುಂಪಿಗೆ ಕೊಡವ ಕುಟುಂಬಗಳ ನಡುವೆ 1997ರಿಂದ ನಡೆದುಬಂದಿರುವ ಹಾಕಿ ಪಂದ್ಯಾವಳಿಯೊಂದೇ ಸಾಕಷ್ಟು ಸಾಮಗ್ರಿ ಕೊಡುತ್ತದೆ.

ಒಂದು ಎಚ್ಚರಿಕೆ ಇದೆ. ಸ್ಥಳೀಯ ಸಂಗತಿ ಸೊಗಸಾಗಿದೆ ಎಂದು ಎಲ್ಲ ಪ್ರಬಂಧಗಳಿಗೂ ಅದನ್ನು ತುರುಕಬಾರದು. ಗ್ರಂಥಾಲಯದ ಮಹತ್ವ ಕುರಿತ ಪ್ರಬಂಧ ಮೂರನೆಯ ಸಾಲಿಗೇ ಭೂಕುಸಿತಕ್ಕೆ ಬಂದು ನಿಂತರೆ ಅದೂ ಒಂದು ಬಗೆಯ ಬಾಯಿಪಾಠವೇ. ಅಲ್ಲದೆ ಉತ್ತರ ಪತ್ರಿಕೆಯನ್ನು ನೋಡುವವರು ಕೊಡಗಿನವರೇ ಆಗಿರಬೇಕೆಂದಿಲ್ಲ. ಆದ್ದರಿಂದ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ), ದೇವರಕಾಡು, ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಮುಂತಾದ ಪದಗಳನ್ನು ಬಳಸಿದಾಗ ಅರ್ಧ ವಾಕ್ಯದ ವಿವರಣೆಯನ್ನು ಜೊತೆಗೆ ಕೊಡಬೇಕು. ತನ್ನ ಹೆಸರು, ತನ್ನ ಶಾಲೆಯ ಹೆಸರು ಮುಂತಾಗಿ ಗುರುತು ಸಿಗುವಂಥದ್ದನ್ನು ಪ್ರಬಂಧದೊಳಗೆ ಬರೆಯಲೇಬಾರದು.

ಯಾವುದನ್ನು ಬಾಯಿಪಾಠ ಮಾಡಬೇಕು

ಹೆಸರು, ಇಸವಿ, ಸಂಖ್ಯೆಗಳನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ. ಪ್ರತಿ ಗುಂಪಿಗೆ ಹೊಂದುವ ಎರಡು ಗಾದೆಗಳನ್ನು ಕಲಿತಿದ್ದರೂ ಒಳ್ಳೆಯದು. ಗಾದೆ ವಿಸ್ತರಣೆಗೂ ಅವು ಒದಗುತ್ತವೆ. ಇಷ್ಟನ್ನು ಬಿಟ್ಟರೆ ಕಲಿಯಬೇಕಾದದ್ದು ವಾಕ್ಯಗಳ ಕಟ್ಟು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಜಿಲ್ಲೆಯ ಒಂದು ತರಗತಿಯಲ್ಲಿ ಕೊಡವ ತಕ್ಕ್ ಆಡುವ ಮನೆಯವರು, ಅರೆಭಾಷೆಯವರು, ತುಳು, ಮಲಯಾಳಂ, ಬ್ಯಾರಿ ಭಾಷೆಗಳವರು, ಯರವ ಮತ್ತು ಕುರುಬ ಹಾಡಿಗಳಿಂದ ಬರುವವರು, ತೋಟದ ಲೈನ್‌ಮನೆಗಳಲ್ಲಿ ಹಿಂದಿ ಅಥವಾ ಅಸ್ಸಾಮಿ ಆಡುವ ಕುಟುಂಬಗಳ ಮಕ್ಕಳು ಅಕ್ಕಪಕ್ಕ ಕೂತಿರುತ್ತಾರೆ. ಇವರಲ್ಲಿ ಅನೇಕರಿಗೆ ಬರೆವ ಕನ್ನಡ ಶಾಲೆಯಲ್ಲಿ ಮಾತ್ರ ಸಿಗುವ ಭಾಷೆ. ಸ್ವಂತ ವಾಕ್ಯ ಬರೆ ಎಂದಾಗ ಅವರಿಗೆ ಆಗುವ ಭಯವನ್ನು ಸೋಮಾರಿತನವೆಂದು ತಿಳಿಯುವುದು ಅನ್ಯಾಯ. ಅವರು ಸಿದ್ಧ ಪ್ರಬಂಧವನ್ನು ಅಪ್ಪಿಕೊಳ್ಳುವುದು ಆ ಭಯದಿಂದಲೇ.

ಅಂಥವರು ಸಿದ್ಧ ಪ್ರಬಂಧದಿಂದ ವಿಷಯಕ್ಕಿಂತ ಹೆಚ್ಚಾಗಿ ವಾಕ್ಯಗಳ ಅಚ್ಚನ್ನು ಎತ್ತಿಕೊಳ್ಳಬೇಕು. ‘ಒಂದೆಡೆ ಹೀಗಾದರೆ ಮತ್ತೊಂದೆಡೆ ಹಾಗಾಗುತ್ತದೆ’, ‘ಇಂಥದ್ದರಿಂದಾಗಿ ಇಂಥದ್ದು ಆಗುತ್ತಿದೆ’, ‘ಇದು ಆಗಬೇಕಾದರೆ ಮೊದಲು ಅದು ಆಗಬೇಕು’, ‘ಇಷ್ಟೇ ಅಲ್ಲದೆ ಇನ್ನೊಂದು ಕಾರಣವೂ ಇದೆ’ ಎಂಬಂಥ ಹತ್ತು ಹನ್ನೆರಡು ಅಚ್ಚುಗಳು ಸಾಕು. ಒಂದೊಂದು ಅಚ್ಚಿನಲ್ಲಿ ಬೇರೆ ಬೇರೆ ಗುಂಪುಗಳಿಂದ ಮೂರು ವಾಕ್ಯ ಬರೆದು ಶಿಕ್ಷಕರಿಗೆ ತೋರಿಸಿದರೆ, ಯಾವ ಶೀರ್ಷಿಕೆ ಬಂದರೂ ಕೈ ನಿಲ್ಲುವುದಿಲ್ಲ.

ಜೊತೆಗೆ ಎರಡು ತಪ್ಪುಗಳನ್ನು ಕಣ್ಣಿಟ್ಟು ತಿದ್ದಿಕೊಳ್ಳಬೇಕು. ‘ವಾಹನಗಳು ಹೊಗೆ ಬಿಡುತ್ತದೆ’ ಎಂದು ಬರೆಯುವುದು ಬಹಳ ಸಾಮಾನ್ಯ. ಕರ್ತೃ ಬಹುವಚನವಾದರೆ ಕ್ರಿಯಾಪದ ‘ಬಿಡುತ್ತವೆ’ ಆಗಬೇಕು. ‘ಮರಗಳು ಕಡಿಯಲಾಗುತ್ತಿದೆ’ ಎಂಬುದು ಇನ್ನೊಂದು. ಅದು ‘ಮರಗಳನ್ನು ಕಡಿಯಲಾಗುತ್ತಿದೆ’ ಎಂದಿರಬೇಕು. ಮಹಾಪ್ರಾಣ ಮತ್ತು ಒತ್ತಕ್ಷರಗಳ ವಿಷಯದಲ್ಲಿ ಅಭಿವೃದ್ಧಿ, ಸ್ವಾತಂತ್ರ್ಯ, ವಿದ್ಯಾರ್ಥಿ, ಸಮೃದ್ಧಿ, ಆರೋಗ್ಯ ಮುಂತಾದ ಪದಗಳು ಪ್ರಬಂಧದಲ್ಲಿ ಮತ್ತೆ ಮತ್ತೆ ಬರುವುದರಿಂದ, ಅಂಥ ನಲವತ್ತು ಪದಗಳ ಪಟ್ಟಿ ಮಾಡಿ ವಾರಕ್ಕೊಮ್ಮೆ ಗೆಳೆಯರಿಂದ ಉಕ್ತಲೇಖನ ಹೇಳಿಸಿಕೊಂಡು ಬರೆಯಬೇಕು.

ಕಲಿತದ್ದು ನಿಲ್ಲಲು ಓದುವುದಕ್ಕಿಂತ ಮುಚ್ಚಿಟ್ಟು ಬರೆಯುವುದು ಹೆಚ್ಚು ಉಪಯುಕ್ತ. ಒಂದು ಗುಂಪಿನ ಸಂಗತಿಗಳನ್ನು ಎರಡು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿರುವಷ್ಟನ್ನು ಹಾಳೆಯ ಮೇಲೆ ಬರೆಯಿರಿ. ಬಿಟ್ಟುಹೋದುದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರದ ಬಳಿಕ ಮತ್ತೊಮ್ಮೆ ಹೀಗೆ ಮಾಡಿದರೆ ಸಾಕು. ಶಾಲೆಗೆ ಹೋಗುವ ಬಸ್ಸಿನಲ್ಲಿ ಒಬ್ಬರು ಶೀರ್ಷಿಕೆ ಹೇಳಿ ಇನ್ನೊಬ್ಬರು ಪೀಠಿಕೆಯನ್ನು ಬಾಯಲ್ಲೇ ಕಟ್ಟುವ ಆಟವನ್ನೂ ಆಡಬಹುದು. ನಮ್ಮ ರಸ್ತೆಯ ತಿರುವುಗಳಲ್ಲಿ ಪುಸ್ತಕ ಹಿಡಿದು ಓದುವುದಂತೂ ಆಗದ ಮಾತು.

ಪರೀಕ್ಷಾ ಕೊಠಡಿಯಲ್ಲಿ

ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷಗಳಲ್ಲೇ ಪ್ರಬಂಧದ ಶೀರ್ಷಿಕೆಯನ್ನು ಆರಿಸಿಕೊಂಡುಬಿಡಿ. ಕೊಟ್ಟಿರುವ ಶೀರ್ಷಿಕೆಗಳಲ್ಲಿ ಹೆಚ್ಚು ಸಂಗತಿ ಗೊತ್ತಿರುವುದನ್ನು ಆರಿಸಬೇಕು. ಹೆಚ್ಚು ಚೆಂದ ಕೇಳಿಸುವುದನ್ನಲ್ಲ. ಶೀರ್ಷಿಕೆಯ ಕೊನೆಯ ಪದದ ಮೇಲೆ ಗಮನವಿರಲಿ: ಮಹತ್ವ, ಪಾತ್ರ, ಪರಿಣಾಮ, ಸಮಸ್ಯೆ, ಪರಿಹಾರ ಎಂಬ ಪದಗಳಲ್ಲಿ ಯಾವುದಿದೆಯೋ ಅದೇ ಪ್ರಶ್ನೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಭಾಗ ಮಾಡಿ ಬರೆಯುವ ಪದ್ಧತಿಯನ್ನು ಬಿಡಬೇಡಿ, ಏಕೆಂದರೆ ಉತ್ತರವನ್ನು ಆ ಭಾಗಗಳ ಪ್ರಕಾರವೇ ನೋಡುವುದು ರೂಢಿ. ಪೀಠಿಕೆ ಮೂರು ವಾಕ್ಯ, ಉಪಸಂಹಾರ ಎರಡು ಮೂರು ವಾಕ್ಯ, ಉಳಿದದ್ದೆಲ್ಲ ನಿರೂಪಣೆಗೆ. ಒಂದು ಪುಟದಿಂದ ಒಂದೂವರೆ ಪುಟ ಸಾಕು, ಅದಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೊಡಬಾರದು. ಸಂಖ್ಯೆಯೊಂದು ಸರಿಯಾಗಿ ನೆನಪಾಗದಿದ್ದರೆ ಊಹಿಸಿ ಬರೆಯುವುದಕ್ಕಿಂತ ಸಂಖ್ಯೆಯಿಲ್ಲದೆ ವಾಕ್ಯವನ್ನು ಮುಗಿಸುವುದು ಕ್ಷೇಮ.

ಪತ್ರಲೇಖನದಲ್ಲಿ ಮಾತ್ರ ನಮೂನೆಯನ್ನು ಬಾಯಿಪಾಠ ಮಾಡುವುದು ಸರಿ. ಇವರಿಂದ, ಇವರಿಗೆ, ವಿಷಯ, ಸಂಬೋಧನೆ, ಒಕ್ಕಣೆ, ಸ್ಥಳ ಮತ್ತು ದಿನಾಂಕಗಳ ಜಾಗ ಬದಲಾಗುವುದಿಲ್ಲ. ವಿಳಾಸ ಮಾತ್ರ ಪ್ರಶ್ನೆಯಲ್ಲಿ ಕೊಟ್ಟಿರುವ ಹೆಸರು ಮತ್ತು ಊರಿನದೇ ಆಗಿರಬೇಕು.

ಪರೀಕ್ಷೆಯ ಹಿಂದಿನ ರಾತ್ರಿ ‘ಈ ಬಾರಿ ಖಂಡಿತ ಬರುವ ಪ್ರಬಂಧ’ ಎಂಬ ಸಂದೇಶಗಳು ಫೋನಿಗೆ ಬಂದೇ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಹಳೆಯ ಪ್ರಶ್ನೆಪತ್ರಿಕೆಗಳನ್ನು ನೋಡಿ ಮಾಡಿದ ಊಹೆಗಳು. ಓದದೆ ಅಳಿಸಿದರೆ ನಷ್ಟವಿಲ್ಲ, ಗುಂಪಿಗೆ ರವಾನಿಸಿದರೆ ನಾಲ್ಕು ಮಂದಿಯ ನಿದ್ದೆ ಕೆಡುತ್ತದೆ. ಪ್ರಶ್ನೆಪತ್ರಿಕೆಯದೇ ಚಿತ್ರವೆಂದು ಯಾರಾದರೂ ಕಳುಹಿಸಿದರೆ ಅದನ್ನು ಹಂಚದೆ ಮುಖ್ಯೋಪಾಧ್ಯಾಯರ ಗಮನಕ್ಕೆ ತರಬೇಕು. ಪ್ರಬಂಧ ಬರೆದ ಚೀಟಿಯನ್ನು ಕೊಠಡಿಯೊಳಗೆ ಒಯ್ಯುವುದು ನಕಲು. ನಾಲ್ಕೈದು ಅಂಕದ ಆಸೆಗೆ ಇಡೀ ಪರೀಕ್ಷೆಯನ್ನೇ ಕಳೆದುಕೊಳ್ಳುವಷ್ಟು ದೊಡ್ಡ ಅಪರಾಧ ಅದು. ಮನೆಯಲ್ಲಿ ಹಂಚಿಕೊಂಡು ಕಲಿಯುವುದಕ್ಕೂ ಇದಕ್ಕೂ ಇರುವ ಗೆರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ಇದೆ.

ಫಲಿತಾಂಶದ ನಂತರ ಭಾಷೆಯಲ್ಲಿ ನಿರೀಕ್ಷೆಗಿಂತ ಕಡಿಮೆ ಅಂಕ ಬಂದಿದ್ದರೆ ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಬಹುದು. ಪ್ರತಿ ಕೈಗೆ ಬಂದಾಗ ಪ್ರಬಂಧದ ಪುಟವನ್ನು ಕನ್ನಡ ಶಿಕ್ಷಕರೊಂದಿಗೆ ಕೂತು ನೋಡಿ, ಅಂಕ ಹೋದದ್ದು ಕಾಗುಣಿತಕ್ಕೋ, ವಿಷಯ ಬೇರೆಯಾದುದಕ್ಕೋ ಎಂದು ತಿಳಿದುಕೊಳ್ಳಿ. ಮುಂದಿನ ಪರೀಕ್ಷೆಗೆ ಮತ್ತೆ ಕೂರುವವರಿಗೆ ಇದು ಬಹಳ ನೆರವಾಗುತ್ತದೆ. ಗುಂಪಿನ ನೋಟ್‌ಬುಕ್ಕನ್ನು ಒಂಬತ್ತನೆಯ ತರಗತಿಯವರಿಗೆ ಕೊಡುವುದಾದರೆ, ಅಭ್ಯಾಸಕ್ಕೆಂದು ಬರೆದ ಪೂರ್ಣ ಪ್ರಬಂಧಗಳ ಹಾಳೆಗಳನ್ನು ತೆಗೆದಿಟ್ಟುಕೊಂಡು ಸಂಗತಿಗಳ ಪುಟಗಳನ್ನು ಮಾತ್ರ ಕೊಡಿ, ಮತ್ತು ಯಾವ ಸಂಖ್ಯೆಗಳನ್ನು ಮುಂದಿನ ವರ್ಷ ಹೊಸದಾಗಿ ನೋಡಿಕೊಳ್ಳಬೇಕೋ ಅವುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ.